ತಾನಾಗಿ ಬದಲಾಗುವ ಚಿತ್ರವನ್ನು ನಿಲ್ಲಿಸುವುದು: ಒಂದು ಅವಧಿಯ ಪಾಠ

ಅಂತರಘಟ್ಟಮ್ಮನ ಜಾತ್ರೆಗೆ ಎತ್ತಿನಗಾಡಿಗಳು ಬರುವುದನ್ನು ಅಜ್ಜಂಪುರ, ತರೀಕೆರೆ, ಕಡೂರು ಕಡೆಯ ಮಕ್ಕಳು ಬಲ್ಲರು. ಜಾತ್ರೆಯ ಚಿತ್ರ 5 ಸೆಕೆಂಡಿಗೊಮ್ಮೆ ಹೊಸದಾಗುವ ವೆಬ್ ಪುಟವನ್ನು ಈ ಪಾಠಕ್ಕೆ ಉದಾಹರಣೆಯಾಗಿ ಬಳಸಬಹುದು. ಚಿತ್ರವನ್ನು ಬದಲಾಯಿಸುವುದು ಮಕ್ಕಳಿಗೆ ಬೇಗ ಬರುತ್ತದೆ, ತೊಡಕಾಗುವುದು ನಿಲ್ಲಿಸುವಾಗ.

ನಿಲ್ಲಿಸುವುದೇಕೆ?
5 ಸೆಕೆಂಡಿಗೊಮ್ಮೆ ಎಂದರೆ 40 ನಿಮಿಷದ ಅವಧಿಯಲ್ಲಿ 480 ಬಾರಿ. ಹಳೆಯ ಪ್ರತಿಯೇ ಬಾರದಿರಲೆಂದು ಚಿತ್ರದ ವಿಳಾಸಕ್ಕೆ ಆಗಿನ ಸಮಯವನ್ನು ಸೇರಿಸಿದ್ದರೆ, ಪ್ರತಿ ಬಾರಿಯೂ ಚಿತ್ರ ಹೊಸದಾಗಿ ಇಳಿಯುತ್ತದೆ. ಒಂದು ಚಿತ್ರ 100 ಕೆಬಿ ಎಂದುಕೊಂಡರೂ ಒಂದು ಕಂಪ್ಯೂಟರಿಗೆ ಸುಮಾರು 48 ಎಂಬಿ. ಮೊಬೈಲ್ ಹಾಟ್‌ಸ್ಪಾಟ್ ನಂಬಿದ ಪ್ರಯೋಗಾಲಯಕ್ಕೆ ಇದು ಹೊರೆಯೇ. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ.

ಪರಿಕಲ್ಪನೆ
ಒಂದು ಕೆಲಸವನ್ನು ನಿಗದಿತ ಅಂತರದಲ್ಲಿ ಮತ್ತೆ ಮತ್ತೆ ಮಾಡಿಸುವುದು ‘ಸೆಟ್‌ಇಂಟರ್ವಲ್’. ಅಂತರವನ್ನು ಮಿಲಿಸೆಕೆಂಡಿನಲ್ಲಿ ಕೊಡಬೇಕು. 5 ಸೆಕೆಂಡಿಗೆ 5000. ಅದು ಕೆಲಸ ಶುರುಮಾಡಿ ನಮಗೊಂದು ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ದೇವಸ್ಥಾನದ ಬಳಿ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ ಇದ್ದಂತೆ. ‘ಕ್ಲಿಯರ್‌ಇಂಟರ್ವಲ್’ಗೆ ಆ ಟೋಕನ್ ಕೊಟ್ಟರೆ ಮಾತ್ರ ಅದೇ ಕೆಲಸ ನಿಲ್ಲುತ್ತದೆ.

ಕಪ್ಪುಹಲಗೆಯ ಮೇಲೆ
ಗುರುತು = ಸೆಟ್‌ಇಂಟರ್ವಲ್(ಚಿತ್ರಬದಲಿಸು, 5000)
ಕ್ಲಿಯರ್‌ಇಂಟರ್ವಲ್(ಗುರುತು)

ಮೊದಲ ಸಾಲು ‘ಶುರು’ ಗುಂಡಿಗೆ, ಎರಡನೆಯದು ‘ನಿಲ್ಲಿಸು’ ಗುಂಡಿಗೆ. ‘ಗುರುತು’, ‘ಚಿತ್ರಬದಲಿಸು’ ಎಂಬ ಕನ್ನಡ ಹೆಸರುಗಳನ್ನು ಜಾವಾಸ್ಕ್ರಿಪ್ಟ್ ಒಪ್ಪುತ್ತದೆ. ಆಜ್ಞೆಗಳನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿಸಬೇಕು.

ಮಕ್ಕಳು ಎಡವುವ ಜಾಗಗಳು
1. ‘ಗುರುತು’ವನ್ನು ‘ಶುರು’ ಫಂಕ್ಷನ್ನಿನ ಒಳಗೆ ಘೋಷಿಸುವುದು. ಆಗ ‘ನಿಲ್ಲಿಸು’ ಫಂಕ್ಷನ್ನಿಗೆ ಅದು ಕಾಣುವುದಿಲ್ಲ. ಎರಡಕ್ಕೂ ಹೊರಗೆ ಘೋಷಿಸಬೇಕು.
2. ‘ಶುರು’ವನ್ನು ಎರಡು ಬಾರಿ ಒತ್ತುವುದು. ಆಗ ಎರಡು ಕೆಲಸ ಓಡುತ್ತವೆ. ಎರಡನೆಯ ಟೋಕನ್ ಮೊದಲನೆಯದರ ಜಾಗದಲ್ಲಿ ಕೂರುತ್ತದೆ. ‘ನಿಲ್ಲಿಸು’ ಒತ್ತಿದರೂ ಚಿತ್ರ ಬದಲಾಗುತ್ತಲೇ ಇರುತ್ತದೆ. ಮಗು ಕಂಪ್ಯೂಟರ್ ಕೆಟ್ಟಿದೆ ಎನ್ನುತ್ತದೆ. ‘ಶುರು’ ಫಂಕ್ಷನ್ನಿನ ಮೊದಲ ಸಾಲಿನಲ್ಲೇ ಕ್ಲಿಯರ್‌ಇಂಟರ್ವಲ್(ಗುರುತು) ಬರೆಸಿದರೆ ಇದು ತಪ್ಪುತ್ತದೆ. ನಿಲ್ಲಿಸಲು ಏನೂ ಇಲ್ಲದಿದ್ದರೆ ಆ ಸಾಲು ಸುಮ್ಮನಿರುತ್ತದೆ, ದೋಷ ತೋರಿಸುವುದಿಲ್ಲ.

ಎರಡನೆಯ ತಪ್ಪನ್ನು ಮೊದಲೇ ಹೇಳಿಬಿಡಬೇಡಿ. ಮಕ್ಕಳು ಗುಂಡಿಯನ್ನು ಎರಡು ಸಲ ಒತ್ತಿ ನೋಡಲಿ. ಕಾರಣವನ್ನು ಅವರೇ ಊಹಿಸಲಿ, ಆಮೇಲೆ ಸಾಲು ಸೇರಿಸಲಿ.

ಮೌಲ್ಯಮಾಪನ
‘ಶುರು’ವನ್ನು ಮೂರು ಬಾರಿ, ‘ನಿಲ್ಲಿಸು’ವನ್ನು ಒಂದು ಬಾರಿ ಒತ್ತಿದರೆ ಎಷ್ಟು ಕೆಲಸ ಉಳಿದಿರುತ್ತವೆ? ರಕ್ಷಣೆಯ ಸಾಲು ಇದ್ದಾಗ ಮತ್ತು ಇಲ್ಲದಾಗ, ಎರಡೂ ಸಂದರ್ಭಕ್ಕೆ ಕಾರಣಸಹಿತ ಉತ್ತರ ಕೇಳಿ. ಶೂನ್ಯ ಮತ್ತು ಎರಡು ಎಂದು ವಿವರಿಸಬಲ್ಲ ಮಗುವಿಗೆ ಪಾಠ ತಿಳಿದಿದೆ.