ಟೊಳ್ಳು ಎಳೆಯ ಶೋಧಕಗಳು: ಕಟ್ಟಿಕೊಳ್ಳುವ ಬಗೆ, ತೊಳೆಯುವ ಬಗೆ

ಬಾವಿಯಿಂದ ಸೇದಿದ ನೀರನ್ನು ಮಡಿಸಿದ ಬಟ್ಟೆಯಲ್ಲಿ ಸೋಸಿ ಕೊಡಕ್ಕೆ ತುಂಬುವುದು ಕನ್ನಡನಾಡಿನ ಮನೆಗಳಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಸೋಸಿದ ಮೇಲೆ ಗೃಹಿಣಿಯು ಬಟ್ಟೆಯನ್ನು ಮಗುಚಿ, ಹಿಂಭಾಗದಿಂದ ನೀರು ಹೊಯ್ದು ಕಸವನ್ನು ಕಳೆಯುತ್ತಾಳೆ. ಒಡನೆಯೇ ತೊಳೆದರೆ ಬಟ್ಟೆ ಬಹುಕಾಲ ಬಾಳುತ್ತದೆ. ಕಸ ಒಣಗಿದರೆ ಉಜ್ಜಬೇಕಾಗುತ್ತದೆ, ಉಜ್ಜಿದಷ್ಟೂ ಬಟ್ಟೆ ಸವೆಯುತ್ತದೆ. ಇಂದಿನ ಅತಿ ಸೂಕ್ಷ್ಮವಾದ ಶೋಧಕಗಳಿಗೂ ಈ ನಿಯಮವೇ ಅನ್ವಯಿಸುತ್ತದೆ.

ಇವುಗಳಲ್ಲಿ ಬಟ್ಟೆಯ ಸ್ಥಾನವನ್ನು ಟೊಳ್ಳಾದ ಎಳೆಗಳು ಪಡೆದಿವೆ. ಪಾಲಿಸಲ್ಫೋನ್ ಮೊದಲಾದ ಪದಾರ್ಥಗಳ ದ್ರಾವಣವನ್ನು ಉಂಗುರಾಕಾರದ ಬಾಯಿಯಿಂದ ಶ್ಯಾವಿಗೆಯಂತೆ ಒತ್ತಿ ನೀರಿಗೆ ಇಳಿಬಿಟ್ಟರೆ, ದ್ರಾವಕವು ಹೊರಟುಹೋಗಿ, ರಂಧ್ರಮಯವಾದ ಗೋಡೆಯುಳ್ಳ ಸಣ್ಣ ಕೊಳವೆಯೊಂದು ಉಳಿಯುತ್ತದೆ. ನೀರಿನ ಶೋಧನೆಗೆ ಬಳಸುವ ಎಳೆಗಳ ರಂಧ್ರಗಳು ಸಾಮಾನ್ಯವಾಗಿ 0.01 ರಿಂದ 0.1 ಮೈಕ್ರಾನಿನಷ್ಟಿರುತ್ತವೆ, ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಬ್ಯಾಕ್ಟೀರಿಯಗಳು ಇದಕ್ಕಿಂತ ದೊಡ್ಡವಾದುದರಿಂದ ಹಿಂದೆ ಉಳಿಯುತ್ತವೆ. ಕರಗಿದ ಲವಣಗಳು ಮಾತ್ರ ನೀರಿನೊಡನೆ ದಾಟಿಹೋಗುತ್ತವೆ. ಸಾವಿರಾರು ಎಳೆಗಳನ್ನು ಕಟ್ಟಾಗಿ ಕಟ್ಟಿ ಒಂದು ಕೋಶದಲ್ಲಿರಿಸಿದಾಗ, ಅತ್ಯಲ್ಪ ಸ್ಥಳದಲ್ಲಿ ಅತಿ ವಿಸ್ತಾರವಾದ ಶೋಧನಕ್ಷೇತ್ರ ದೊರೆಯುತ್ತದೆ. ಆದರೆ ಇಷ್ಟು ಸೂಕ್ಷ್ಮವಾದ ದಾರಿಗಳು ಮುಚ್ಚಿಹೋಗುವುದೂ ಅಷ್ಟೇ ಸುಲಭ.

ಮುಚ್ಚುವಿಕೆಯು ಒಂದೇ ಬಗೆಯದಲ್ಲ. ಮಣ್ಣು, ಪಾಚಿಯ ಕಣಗಳು ಎಳೆಯ ಮೇಲೆ ಪದರವಾಗಿ ಕೂಡುವುದು ಮೊದಲನೆಯದು. ರಂಧ್ರದಷ್ಟೇ ಗಾತ್ರದ ಕಣಗಳು ಒಳಹೊಕ್ಕು ಸಿಕ್ಕಿಕೊಳ್ಳುವುದು ಎರಡನೆಯದು. ಸಸಾರಜನಕ ಮೊದಲಾದ ಜೈವಿಕ ವಸ್ತುಗಳು ಗೋಡೆಗೆ ಅಂಟಿಕೊಳ್ಳುವುದು ಮೂರನೆಯದು. ಕಬ್ಬಿಣ, ಸುಣ್ಣಗಳು ಗಟ್ಟಿಯಾಗಿ ಹತ್ತುವುದು ನಾಲ್ಕನೆಯದು. ಸೂಕ್ಷ್ಮಜೀವಿಗಳು ನೆಲೆಸಿ ಲೋಳೆಯ ಹೊದಿಕೆಯನ್ನು ಹೆಣೆಯುವುದು ಐದನೆಯದು. ಇವುಗಳಲ್ಲಿ ಮೊದಲನೆಯದು ಸುಲಭವಾಗಿ ಕಳಚುತ್ತದೆ. ಉಳಿದವು ದಿನಗಳೆದಂತೆ ಬಿಗಿಯಾಗುತ್ತವೆ.

ನೀರಿನ ಹರಿವು ಕುಗ್ಗಿದಾಗ ಒತ್ತಡವನ್ನು ಹೆಚ್ಚಿಸುವುದು ಸಹಜವಾಗಿ ತೋಚುವ ಉಪಾಯ. ಅದೇ ದೊಡ್ಡ ತಪ್ಪು. ಒತ್ತಿದಷ್ಟೂ ಪದರವು ಗಟ್ಟಿಯಾಗುತ್ತದೆ. ಶೋಧನೆಯ ವೇಗಕ್ಕೆ ಒಂದು ಮಿತಿಯುಂಟು, ಅದರ ಕೆಳಗೆ ನಡೆಸಿದರೆ ಅಡಚಣೆಯು ಅತ್ಯಲ್ಪವಾಗಿರುತ್ತದೆ ಎಂಬ ತತ್ತ್ವವನ್ನು ರಾಬರ್ಟ್ ಫೀಲ್ಡ್ ಮತ್ತು ಸಂಗಡಿಗರು 1995 ರಲ್ಲಿ ಪ್ರತಿಪಾದಿಸಿದರು. ಆದುದರಿಂದ ಎಳೆಗಳ ಸಂಖ್ಯೆಯನ್ನು ಹೆಚ್ಚಿಸಿ ಒಂದೊಂದರ ಮೇಲಿನ ಭಾರವನ್ನು ಇಳಿಸುವುದು, ದಪ್ಪ ಕಸವನ್ನು ಮೊದಲೇ ಜರಡಿಯಲ್ಲಿ ತಡೆಯುವುದು, ಎಳೆಗಳ ಪಕ್ಕದಲ್ಲಿ ಗಾಳಿಯ ಗುಳ್ಳೆಗಳನ್ನು ಎಬ್ಬಿಸಿ ಕಸ ಕೂಡದಂತೆ ಅಲುಗಿಸುವುದು ಇವು ನಿವಾರಣೆಯ ಮಾರ್ಗಗಳು. ಮಳೆಗಾಲದಲ್ಲಿ ನೀರು ಕದಡಿದಾಗ ವೇಗವನ್ನು ತಗ್ಗಿಸುವುದು ವಿವೇಕ.

ಇಷ್ಟಾದರೂ ಕೂಡುವ ಕಸಕ್ಕೆ ಬಟ್ಟೆ ಮಗುಚುವ ಕ್ರಮವೇ ಗತಿ. ದೊಡ್ಡ ಸ್ಥಾವರಗಳಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆಗೋ ಒಂದು ಗಂಟೆಗೋ ಒಮ್ಮೆ, ಒಂದು ನಿಮಿಷದಷ್ಟು ಕಾಲ ಶುದ್ಧಜಲವನ್ನು ಹಿಮ್ಮುಖವಾಗಿ ಹರಿಸುತ್ತಾರೆ. ಇದರಿಂದ ಹೋಗದುದಕ್ಕೆ ರಾಸಾಯನಿಕ ಚಿಕಿತ್ಸೆ ಬೇಕು. ರೋಗವನ್ನರಿತು ಮದ್ದು ಕೊಡಬೇಕೆಂಬ ಮಾತು ಇಲ್ಲಿಯೂ ಸಲ್ಲುತ್ತದೆ: ಸುಣ್ಣ, ಕಬ್ಬಿಣಗಳಿಗೆ ಸಿಟ್ರಿಕ್ ಆಮ್ಲ, ಸಸಾರಜನಕಕ್ಕೆ ಕ್ಷಾರ, ಜೈವಿಕ ಲೋಳೆಗೆ ಹೈಪೋಕ್ಲೋರೈಟ್. ಹೈಪೋಕ್ಲೋರೈಟಿಗೆ ಆಮ್ಲವನ್ನು ಎಂದಿಗೂ ಬೆರೆಸಬಾರದು. ವಿಷಕಾರಿಯಾದ ಕ್ಲೋರಿನ್ ಅನಿಲವು ಹೊರಡುತ್ತದೆ. ಮದ್ದು ಅತಿಯಾದರೆ ಎಳೆಯೇ ಕೆಡುತ್ತದೆ. ನೀರನ್ನು ಒಲಿಸಿಕೊಳ್ಳಲೆಂದು ಪಾಲಿಸಲ್ಫೋನಿಗೆ ಸೇರಿಸಿದ ಪದಾರ್ಥವನ್ನು ಹೈಪೋಕ್ಲೋರೈಟು ಕ್ರಮೇಣ ತಿಂದುಹಾಕುತ್ತದೆ. ಬಳಸಿದ ಎಳೆಗಳನ್ನು ಒಣಗಲು ಬಿಡುವುದೂ ಸಲ್ಲದು.

ಇದೇ ಎಳೆಯಲ್ಲಿ ನೀರಿನ ಬದಲು ರಕ್ತ ಹರಿಯುವಾಗ ಈ ಪ್ರಶ್ನೆಯು ಪ್ರಾಣದ ಪ್ರಶ್ನೆಯಾಗುತ್ತದೆ. ಮೂತ್ರಪಿಂಡಗಳು ಕೆಟ್ಟವರಿಗೆ ಡಯಾಲಿಸಿಸ್ ಮಾಡುವ ಕೋಶದಲ್ಲಿ ಸುಮಾರು 10,000 ಎಳೆಗಳಿರುತ್ತವೆ. ಒಂದೊಂದರ ಒಳವ್ಯಾಸ ಸುಮಾರು 200 ಮೈಕ್ರಾನ್. ಸಾಮಾನ್ಯವಾಗಿ ವಾರಕ್ಕೆ ಮೂರು ಬಾರಿ, ಪ್ರತಿಸಲವೂ ನಾಲ್ಕು ಗಂಟೆಗಳಷ್ಟು ಕಾಲ ರೋಗಿಯ ರಕ್ತವು ಇವುಗಳ ಮೂಲಕ ಹಾಯುತ್ತದೆ. ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತಾರಾದರೂ ಕೆಲವು ಎಳೆಗಳು ಮುಚ್ಚುತ್ತವೆ. ಭಾರತದಲ್ಲಿ ವೆಚ್ಚವನ್ನು ತಗ್ಗಿಸಲು ಒಂದೇ ಕೋಶವನ್ನು ತೊಳೆದು, ಅದೇ ರೋಗಿಗೆ ಮತ್ತೆ ಬಳಸುವ ಪದ್ಧತಿ ಬಹುಕಾಲದಿಂದ ಇದೆ. ತೊಳೆದ ಬಳಿಕ ಎಳೆಗಳೊಳಗೆ ಹಿಡಿಯುವ ದ್ರವವನ್ನು ಅಳೆಯುತ್ತಾರೆ. ಅದು ಮೊದಲಿನ ಅಳತೆಯ ಶೇಕಡಾ 80 ಕ್ಕಿಂತ ಕಡಿಮೆಯಾದರೆ ಕೋಶವನ್ನು ತ್ಯಜಿಸಬೇಕು. ಕಣ್ಣಿಗೆ ಶುಚಿಯಾಗಿ ಕಂಡಿತೆಂಬುದು ಇಲ್ಲಿ ಪ್ರಮಾಣವಲ್ಲ, ಅಳತೆಯೇ ಪ್ರಮಾಣ.

ತೊಳೆಯುವುದಕ್ಕಿಂತ ಅಂಟದಂತೆ ಮಾಡುವುದು ಮೇಲು. ಈ ದಿಕ್ಕಿನಲ್ಲಿ ಮುಂಬಯಿಯ ಪವಾಯಿಯಲ್ಲಿ ಮಹತ್ತ್ವದ ಕೆಲಸ ನಡೆದಿದೆ. 1958 ರಲ್ಲಿ ಸ್ಥಾಪಿತವಾದ ಅಲ್ಲಿನ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಜಯೇಶ್ ಬೆಲ್ಲಾರೆ ಮತ್ತು ಅವರ ಸಂಗಡಿಗರು ಪಾಲಿಸಲ್ಫೋನಿಗೆ ಇ-ಜೀವಸತ್ವದಿಂದ ಸಿದ್ಧವಾದ ಟಿಪಿಜಿಎಸ್ ಎಂಬ ವಸ್ತುವನ್ನು ಬೆರೆಸಿ ಡಯಾಲಿಸಿಸ್ಸಿಗೆ ತಕ್ಕ ಎಳೆಗಳನ್ನು ತೆಗೆದರು. ಅದರ ವಿವರಗಳು 2011 ರಲ್ಲಿ ಪ್ರಕಟವಾದವು. ಟಿಪಿಜಿಎಸ್‌ನ ಒಂದು ತುದಿಯು ನೀರನ್ನು ಬಯಸುತ್ತದೆ, ಇನ್ನೊಂದು ಎಣ್ಣೆಯಂತಹ ಪದಾರ್ಥಗಳನ್ನು ಬಯಸುತ್ತದೆ. ನೀರನ್ನು ಬಯಸುವ ತುದಿಯು ಗೋಡೆಯ ಮೇಲೆ ತೆಳ್ಳನೆಯ ಜಲಪದರವನ್ನು ಹಿಡಿದಿಟ್ಟರೆ ರಕ್ತದ ಸಸಾರಜನಕಗಳಿಗೆ ಅಲ್ಲಿ ಹಿಡಿತ ಸಿಕ್ಕುವುದು ಕಷ್ಟ.

ಆ ಸಂಸ್ಥೆಯ ಪಕ್ಕದಲ್ಲಿಯೇ ಪವಾಯಿ ಸರೋವರವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಗರಕ್ಕೆ ಕುಡಿಯುವ ನೀರನ್ನು ಒದಗಿಸಲೆಂದು ಕಟ್ಟಿದ ಈ ಕೆರೆಯ ನೀರು ಕುಡಿಯಲು ಯೋಗ್ಯವಾಗಿ ಉಳಿಯಲಿಲ್ಲ. ಇಂತಹ ನೀರನ್ನು ಸೋಸಬಲ್ಲ ಎಳೆಗಳು ಇಂದು ಲೋಕದಲ್ಲಿವೆ. ಆದರೆ ಒಳಬರುವ ಚರಂಡಿಯ ನೀರು ನಿಲ್ಲದಿದ್ದರೆ ಎಂತಹ ಎಳೆಯಾದರೂ ಬೇಗ ಮುಚ್ಚಿಹೋಗುತ್ತದೆ. ಕಸವನ್ನು ಅದು ಹುಟ್ಟುವ ಎಡೆಯಲ್ಲಿಯೇ ತಡೆಯುವುದು ಶೋಧನೆಯ ಮೊದಲನೆಯ ಹಂತವಾಗಿದೆ.