ಜೀವಕೋಶದಲ್ಲಿ ಸಂದೇಶದ ವಾಚನವೂ ವಿನಾಶವೂ

ಡಿಎನ್‌ಎಯಿಂದ ನಕಲಾಗಿ ಬರುವ ದೂತ ಆರ್‌ಎನ್‌ಎಯನ್ನು ರೈಬೋಸೋಮುಗಳು ಓದಿ ಪ್ರೋಟೀನನ್ನು ಕಟ್ಟುವುವೆಂಬುದು ವಾಚಕರಿಗೆ ಹೊಸತಲ್ಲ. ಈ ಕ್ರಿಯೆಗೆ ವಿಜ್ಞಾನಿಗಳು ಅನುವಾದವೆಂದೇ ಹೆಸರಿಟ್ಟಿದ್ದಾರೆ. ನಾಲ್ಕಕ್ಷರಗಳ ಭಾಷೆಯು ಇಪ್ಪತ್ತು ಅಮೈನೋ ಆಮ್ಲಗಳ ಭಾಷೆಗೆ ತಿರುಗುವುದರಿಂದ ಆ ಹೆಸರು ಸಾರ್ಥಕವೂ ಆಗಿದೆ. ಬ್ರೆನ್ನರ್, ಜಾಕೋಬ್, ಮೆಸೆಲ್ಸನ್ ಈ ಮೂವರು 1961ರಲ್ಲಿ ದೂತ ಆರ್‌ಎನ್‌ಎಯ ಇರವನ್ನು ಪ್ರಯೋಗದಿಂದ ತೋರಿಸಿದಾಗಲೇ ಅದು ಅಲ್ಪಾಯುವೆಂಬುದು ಗೊತ್ತಾಗಿತ್ತು. ಅದರ ಅಳಿವಿಗೂ ವಾಚನಕ್ಕೂ ಇರುವ ಸಂಬಂಧವೇನೆಂಬುದೇ ಪ್ರಕೃತ ವಿಷಯ. ಸೌಕರ್ಯಕ್ಕಾಗಿ ದೂತ ಆರ್‌ಎನ್‌ಎಯನ್ನು ಇನ್ನು ಮುಂದೆ ಸಂದೇಶವೆಂದು ಕರೆಯೋಣ.

ಸಸ್ತನಿಗಳ ಕೋಶದಲ್ಲಿ ಎಲ್ಲ ಸಂದೇಶಗಳಿಗೂ ಒಂದೇ ಆಯುಷ್ಯವಿಲ್ಲ. ಕೋಶದ ಬೆಳವಣಿಗೆಗೆ ಸಂಬಂಧಿಸಿದ ಫಾಸ್ ಜೀನಿನ ಸಂದೇಶ ಅರ್ಧ ಗಂಟೆಯೊಳಗೆ ಅರ್ಧಕ್ಕಿಳಿಯುತ್ತದೆ. ರಕ್ತದ ಗ್ಲೋಬಿನ್ನಿನ ಸಂದೇಶವಾದರೋ ಒಂದು ದಿನಕ್ಕೂ ಮೀರಿ ಉಳಿಯಬಲ್ಲುದು. ಸಂದೇಶದ ತುದಿಗೊಂದು ಟೊಪ್ಪಿಗೆಯುಂಟು, ಹಿಂದೆ ಸುಮಾರು 200 ಅಡೆನೈನುಗಳ ಬಾಲವುಂಟು. ಇವೆರಡೂ ರೈಬೋಸೋಮನ್ನು ಬರಮಾಡಿಕೊಳ್ಳುತ್ತವೆ, ಸಂದೇಶವನ್ನು ಕಾಯುವುವೂ ಇವೇ. ಸಾಮಾನ್ಯವಾಗಿ ಮೊದಲು ಬಾಲ ಸವೆಯುತ್ತದೆ, ಬಳಿಕ ಟೊಪ್ಪಿಗೆ ಕಳಚುತ್ತದೆ, ಆಮೇಲೆ ಕಿಣ್ವಗಳು ಎರಡು ಕೊನೆಗಳಿಂದಲೂ ಸಂದೇಶವನ್ನು ಮೇಯುತ್ತವೆ.

ಹಾಗಾದರೆ ವಾಚನವು ಸಂದೇಶಕ್ಕೆ ರಕ್ಷಣೆಯೆಂದು ಹೇಳೋಣವೇ? ಹಾಗೆ ಹೇಳಿ ಮುಗಿಸುವಂತಿಲ್ಲ. ಸೈಕ್ಲೋಹೆಕ್ಸಿಮೈಡನ್ನು ಕೊಟ್ಟು ವಾಚನವನ್ನು ನಿಲ್ಲಿಸಿದರೆ ಫಾಸ್‌ನಂಥ ಸಂದೇಶಗಳು ಅಳಿಯುವ ಬದಲು ಹೆಚ್ಚುಕಾಲ ಬಾಳುತ್ತವೆ. ಓದಿನ ಹಾದಿಯಲ್ಲಿಯೇ ಅವುಗಳ ಅಳಿವು ಕಾದಿರುತ್ತದೆ. ಬ್ಯಾಂಕಿನಲ್ಲಿ ದುಡಿಯುವ ನನಗೆ ಇಲ್ಲಿ ಚೆಕ್ಕಿನ ನೆನಪಾಗುವುದು ಸಹಜ. ಆದರೆ ಆ ಉಪಮೆ ದೂರ ಸಾಗದು. ಚೆಕ್ಕು ಒಮ್ಮೆ ಪಾವತಿಯಾದೊಡನೆ ರದ್ದಾಗುತ್ತದೆ. ಸಂದೇಶವು ಅನೇಕ ಸಲ ಓದಿಸಿಕೊಂಡೂ ಉಳಿಯಬಹುದು. ಹಣ ಕೊಡುವ ಮೊದಲು ಚೆಕ್ಕನ್ನು ಪರಿಶೀಲಿಸುವಂತೆ ಕೋಶವೂ ಪರಿಶೀಲಿಸುವುದುಂಟು. ಅದಕ್ಕೆ ಅತ್ಯುತ್ತಮ ನಿದರ್ಶನ ಬೀಟಾ ಥಲಸ್ಸೀಮಿಯಾ ಎಂಬ ರಕ್ತರೋಗ.

ಆನುವಂಶಿಕ ಲಿಪಿಯ 64 ತ್ರ್ಯಕ್ಷರ ಪದಗಳಲ್ಲಿ ಮೂರು ಪೂರ್ಣವಿರಾಮಗಳು. ಬೀಟಾ ಗ್ಲೋಬಿನ್ನಿನಲ್ಲಿ 146 ಅಮೈನೋ ಆಮ್ಲಗಳಿರತಕ್ಕದ್ದು. ಇಟಲಿಯ ಸಾರ್ಡೀನಿಯ ದ್ವೀಪದಲ್ಲಿ ಈ ರೋಗಕ್ಕೆ ಬಹುಪಾಲು ಕಾರಣವಾದ ದೋಷದಲ್ಲಿ ಒಂದೇ ಅಕ್ಷರ ಬದಲಾಗಿ 39ನೆಯ ಪದವೇ ಪೂರ್ಣವಿರಾಮವಾಗಿಬಿಟ್ಟಿದೆ. ಇಂತಹ ಸಂದೇಶದಿಂದ ಮೊಂಡು ಪ್ರೋಟೀನು ಹುಟ್ಟಬೇಕಾಗಿತ್ತು. ವಸ್ತುತಃ ಸಂದೇಶವೇ ಬಹಳಮಟ್ಟಿಗೆ ಕಾಣದಾಗುತ್ತದೆ. ಥಲಸ್ಸೀಮಿಯಾ ರೋಗಿಗಳ ಕೋಶಗಳಲ್ಲಿ ದೋಷಯುಕ್ತ ಸಂದೇಶ ಬೇಗನೆ ನಾಶವಾಗುವುದನ್ನು ಲಿನ್ ಮಕ್ವಾಟ್ ಮತ್ತು ಸಂಗಡಿಗರು 1981ರಲ್ಲಿಯೇ ತೋರಿಸಿದರು.

ವಿರಾಮವು ಅಕಾಲದ್ದೆಂದು ಕೋಶಕ್ಕೆ ತಿಳಿಯುವ ಬಗೆ ಸೋಜಿಗದ್ದು. ಮೊದಲ ನಕಲಿನ ಅನವಶ್ಯ ಭಾಗಗಳನ್ನು ಕತ್ತರಿಸಿ ಉಳಿದುದನ್ನು ಬೆಸೆಯುವಾಗ ಬೆಸುಗೆಗೆ 20ರಿಂದ 24 ಅಕ್ಷರಗಳಷ್ಟು ಹಿಂದೆ ಒಂದು ಪ್ರೋಟೀನ್ ಗುಚ್ಛ ಗುರುತಾಗಿ ಕುಳಿತುಕೊಳ್ಳುತ್ತದೆ. ಮೊದಲ ಸಲ ಓದುತ್ತ ಸಾಗುವ ರೈಬೋಸೋಮು ಈ ಗುರುತುಗಳನ್ನು ಸರಿಸಿಬಿಡುತ್ತದೆ. ನಿಜವಾದ ವಿರಾಮ ಸಾಮಾನ್ಯವಾಗಿ ಕಡೆಯ ಬೆಸುಗೆಯಾಚೆ ಇರುವುದರಿಂದ ಓದು ಮುಗಿದಾಗ ಒಂದು ಗುರುತೂ ಉಳಿಯದು. ಕಡೆಯ ಬೆಸುಗೆಗೆ 50–55 ಅಕ್ಷರಗಳಿಗೂ ಹಿಂದೆ ವಿರಾಮ ಬಂದಿತೋ, ಮುಂದೆ ಗುರುತು ಉಳಿಯಿತೆಂದೇ ಲೆಕ್ಕ. ಆಗ ಯುಪಿಎಫ್1 ಎಂಬ ಪ್ರೋಟೀನಿನ ನೇತೃತ್ವದಲ್ಲಿ ಸಂದೇಶವು ತುಂಡಾಗುತ್ತದೆ. ತುಂಡುಗಳು ಮೇಲೆ ಹೇಳಿದ ಕಿಣ್ವಗಳ ಪಾಲಾಗುತ್ತವೆ. ಓದದೆ ಈ ದೋಷ ಬಯಲಾಗದು.

ಇದರ ಫಲ ಮನೆತನಗಳಲ್ಲಿ ಕಾಣುತ್ತದೆ. ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ 39ನೆಯ ಪದದ ದೋಷವನ್ನು ಪಡೆದವನು ಬಹುಮಟ್ಟಿಗೆ ಆರೋಗ್ಯವಂತ. ಇಬ್ಬರಿಂದಲೂ ಪಡೆದ ಕೂಸಿಗೆ ಮಾತ್ರ ಘೋರ ರಕ್ತಹೀನತೆ. ಬೀಟಾ ಗ್ಲೋಬಿನ್ ಸಂದೇಶಕ್ಕೆ ಮೂರು ಖಂಡಗಳು. ವಿರಾಮದೋಷವು ಮೂರನೆಯದರಲ್ಲಿ, ಎಂದರೆ ಕಡೆಯ ಬೆಸುಗೆಯಾಚೆ ಬಂದರೆ ಪರಿಶೀಲನೆಗೆ ಅದು ಸಿಕ್ಕದು. ಸಂದೇಶ ಉಳಿಯುತ್ತದೆ, ಮೊಂಡು ಪ್ರೋಟೀನು ತಯಾರಾಗಿ ಕೋಶದಲ್ಲಿ ಗರಣೆಗಟ್ಟುತ್ತದೆ, ಒಬ್ಬರಿಂದ ಬಂದ ದೋಷವೇ ರೋಗವನ್ನು ತರಬಲ್ಲುದು.

ಹಾಗೆಂದು ಈ ಪರಿಶೀಲನೆಯನ್ನು ಕೇವಲ ಉಪಕಾರಿಯೆನ್ನಲಾಗದು. ಅಕಾಲವಿರಾಮವನ್ನು ದಾಟಿಸಿ ಪೂರ್ಣ ಪ್ರೋಟೀನನ್ನು ಮಾಡಿಸುವ ಔಷಧಗಳನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಔಷಧವು ಕೈಹಚ್ಚುವಷ್ಟರಲ್ಲಿ ಸಂದೇಶದ ಬಹುಪಾಲನ್ನು ಕೋಶವೇ ನಾಶಮಾಡಿರುತ್ತದೆ.