ಉಬ್ಬಸವಿರುವ ಮನೆಗೆ ಎಂತಹ ವ್ಯಾಕ್ಯೂಮ್ ಕ್ಲೀನರ್?

ದೀಪಾವಳಿಗೆ ಮುನ್ನ ಜೇಡರಬಲೆ ತೆಗೆದು, ಅಟ್ಟ ಗುಡಿಸುವ ದಿನಗಳಲ್ಲಿಯೇ ಉಬ್ಬಸದವರ ಸಂಕಟ ಹೆಚ್ಚುವುದನ್ನು ನಾವೆಲ್ಲರೂ ಕಂಡಿದ್ದೇವೆ. ಒಣ ಪೊರಕೆಯು ಸೂಕ್ಷ್ಮ ಧೂಳನ್ನು ತೆಗೆಯುವುದಕ್ಕಿಂತ ಮೇಲಕ್ಕೆಬ್ಬಿಸುವುದೇ ಹೆಚ್ಚು. ಇದನ್ನರಿತ ಅನೇಕ ಸದ್ಭಕ್ತರು ವ್ಯಾಕ್ಯೂಮ್ ಕ್ಲೀನರ್ ಕೊಳ್ಳಲು ಮುಂದಾಗುತ್ತಿದ್ದಾರೆ. ಆದರೆ ತಕ್ಕುದಲ್ಲದ ಯಂತ್ರವನ್ನು ತಂದರೆ ಅದೂ ಪೊರಕೆಯ ಕೆಲಸವನ್ನೇ ಮಾಡೀತು.

ಕಣ್ಣಿಗೆ ಕಾಣುವ ಮಣ್ಣು, ಕೂದಲುಗಳಿಂದ ಉಬ್ಬಸದವರಿಗೆ ಅಷ್ಟು ಭಯವಿಲ್ಲ. ಹಾಸಿಗೆ, ದಿಂಬು, ಸೋಫಾಗಳೊಳಗೆ ನಾವು ಉದುರಿಸಿದ ಚರ್ಮದ ಹೊಟ್ಟನ್ನು ತಿಂದು ಬದುಕುವ ಧೂಳಿನ ನುಸಿಯಿದೆ. ತೆಂಗಿನ ಕಾಯಿಗೆ ಬೀಳುವ ನುಸಿಯ ದೂರದ ಬಂಧುವಿದು. ಉದ್ದ ಸುಮಾರು 0.3 ಮಿಲಿಮೀಟರ್. ಇದು ಕಚ್ಚುವುದಿಲ್ಲ. ಇದರ ಹಿಕ್ಕೆಯು ಒಣಗಿ ಪುಡಿಯಾಗಿ ಉಸಿರಿನೊಡನೆ ಒಳಸೇರಿದಾಗ, ಒಗ್ಗದವರಿಗೆ ಸೀನು, ಕೆಮ್ಮು, ಉಬ್ಬಸಗಳು ಕಾಣಿಸಿಕೊಳ್ಳುತ್ತವೆ.

ವ್ಯಾಕ್ಯೂಮ್ ಕ್ಲೀನರ್ ಎಷ್ಟು ಗಾಳಿಯನ್ನು ಎಳೆದುಕೊಳ್ಳುವುದೋ ಅಷ್ಟನ್ನೂ ಹಿಂದಿನಿಂದ ಹೊರಬಿಡಲೇಬೇಕು. ಒಳಗಿರುವುದು ಬರಿಯ ಬಟ್ಟೆಯ ಅಥವಾ ಸ್ಪಂಜಿನ ಫಿಲ್ಟರ್ ಆದರೆ ದಪ್ಪ ಕಸ ಉಳಿದು, ಅತಿ ಸೂಕ್ಷ್ಮವಾದ ಧೂಳು ಮರಳಿ ಕೋಣೆಗೇ ಬರುತ್ತದೆ. ಆದುದರಿಂದ ಯಂತ್ರದ ಬಾಯಿಗಿಂತ ಬೆನ್ನನ್ನು ಮೊದಲು ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಎಚ್13 ದರ್ಜೆಯ ಹೆಪಾ ಫಿಲ್ಟರ್ ಅತಿ ಸೂಕ್ಷ್ಮ ಕಣಗಳಲ್ಲಿಯೂ ನೂರಕ್ಕೆ 99.95ರಷ್ಟನ್ನು ತಡೆಯುತ್ತದೆ. ಪೆಟ್ಟಿಗೆಯ ಮೇಲೆ ‘ಹೆಪಾ ಮಾದರಿ’ ಎಂದಷ್ಟೇ ಬರೆದಿದ್ದರೆ ನಂಬಬಾರದು, ದರ್ಜೆಯನ್ನು ಕೇಳಬೇಕು. ಫಿಲ್ಟರ್ ಉತ್ತಮವಾಗಿದ್ದೂ ಮುಚ್ಚಳದ ಸಂದಿಯಿಂದ ಗಾಳಿ ಸೋರುವುದಾದರೆ ಪ್ರಯೋಜನವಿಲ್ಲ. ಯಂತ್ರವನ್ನು ಸ್ವಲ್ಪ ಹೊತ್ತು ನಡೆಸಿ, ಸಂದಿಗಳನ್ನೂ ಗಾಳಿ ಹೊರಬರುವ ಜಾಗವನ್ನೂ ಬಿಳಿಯ ಬಟ್ಟೆಯಿಂದ ಒರೆಸಿದರೆ ಬಹುಮಟ್ಟಿಗೆ ತಿಳಿಯುತ್ತದೆ.

ಅಂಗಡಿಗಳಲ್ಲಿ ವ್ಯಾಟಿನ ಮಾತೇ ಹೆಚ್ಚು. ವ್ಯಾಟ್ ಎಂಬುದು ಮೋಟಾರು ಬಳಸುವ ವಿದ್ಯುತ್ತಿನ ಲೆಕ್ಕವೇ ಹೊರತು ಶುಚಿಗೊಳಿಸುವ ಶಕ್ತಿಯ ಅಳತೆಯಲ್ಲ. ಯುರೋಪಿನ ಒಕ್ಕೂಟವು 2017ರಿಂದ ಮನೆಬಳಕೆಯ ಯಂತ್ರಗಳಿಗೆ 900 ವ್ಯಾಟಿನ ಮಿತಿಯನ್ನೇ ವಿಧಿಸಿದೆ.

ಚೀಲವಿರುವುದು ಲೇಸೋ, ಇಲ್ಲದ್ದು ಲೇಸೋ? ಚೀಲವಿಲ್ಲದ್ದರಲ್ಲಿ ಮುಂದಿನ ಖರ್ಚು ಕಡಿಮೆ. ಆದರೆ ಡಬ್ಬಿಯನ್ನು ಬರಿದುಮಾಡುವಾಗ ಹಿಡಿದ ಧೂಳೆಲ್ಲ ಮುಖಕ್ಕೇ ಏಳುತ್ತದೆ. ಉಬ್ಬಸವಿರುವ ಮನೆಗೆ, ತುಂಬಿದೊಡನೆ ಹಾಗೆಯೇ ಎಸೆಯಬಹುದಾದ ಮುಚ್ಚಿದ ಚೀಲವೇ ಮೇಲು.

ಎಲ್ಲ ಮನೆಗಳಿಗೂ ಈ ಯಂತ್ರ ಬೇಕೆಂದು ನಾವು ಹೇಳುವುದಿಲ್ಲ. ರೆಡ್ ಆಕ್ಸೈಡ್, ಟೈಲ್ಸ್ ನೆಲಕ್ಕೆ ಒದ್ದೆ ಬಟ್ಟೆಯೇ ಸಾಕು. ಹಾಸಿಗೆ, ಸೋಫಾ, ಜಮಖಾನೆ, ಪರದೆಗಳಿಗೆ ಯಂತ್ರದ ನೆರವು ನಿಜಕ್ಕೂ ಉಂಟು. ಅಲ್ಲಿಯೂ ನೂಲನ್ನು ಕಚ್ಚಿ ಹಿಡಿದ ಜೀವಂತ ನುಸಿಯನ್ನು ಅದು ಪೂರ್ಣವಾಗಿ ಎಳೆಯಲಾರದು. ಹಾಸು ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯುವುದು ತಪ್ಪದು. ಯಂತ್ರ ನಡೆಯುವಾಗ ಉಬ್ಬಸದವರು ಆ ಕೋಣೆಯಲ್ಲಿರಬಾರದು.

ಪೂಜಾಕೋಣೆಯ ವಿಭೂತಿಯ ಪುಡಿಯನ್ನೂ ಧೂಪದ ಬೂದಿಯನ್ನೂ ಯಂತ್ರದಿಂದ ಎಳೆಯಬೇಡಿರಿ. ಅಂತಹ ನಯವಾದ ಬೂದಿ ಫಿಲ್ಟರನ್ನು ಬೇಗನೆ ಕಟ್ಟಿಸುತ್ತದೆ. ಆರದ ಕಿಡಿಯಿದ್ದರೆ ಚೀಲಕ್ಕೆ ಬೆಂಕಿಯೇ ತಗುಲೀತು. ತೊಳೆಯಬಹುದಾದ ಫಿಲ್ಟರನ್ನು ಪೂರ್ತಿ ಒಣಗಿಸಿಯೇ ಮರಳಿ ಜೋಡಿಸಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಹಣ ಕೊಡುವ ಮುನ್ನ, ಅದೇ ಯಂತ್ರದ ಚೀಲವೂ ಫಿಲ್ಟರೂ ತಮ್ಮ ಊರಿನಲ್ಲಿ ದೊರೆಯುವುವೇ, ಬೆಲೆಯೆಷ್ಟು ಎಂದು ವಿಚಾರಿಸಿಕೊಳ್ಳಿರಿ.